ಥೈರಾಯ್ಡ್ ಮಾತ್ರೆ ಮತ್ತು ಅಮ್ಮನ ಕಾಫಿ

ಅಮ್ಮನಿಗೆ ಥೈರಾಯ್ಡ್ ಕಡಿಮೆ. ದಿನಾ ತಪ್ಪದೆ ಮಾತ್ರೆ ತಗೊಂಡರೂ ಸುಸ್ತು ಹೋಗಲಿಲ್ಲ, ಟಿಎಸ್‌ಎಚ್ ಏರುತ್ತಲೇ ಇತ್ತು. ಡೋಸ್ ಹೆಚ್ಚಿಸಬೇಕೇನೋ ಅಂದುಕೊಂಡು ಹೋದರೆ ಡಾಕ್ಟರ್ ಕೇಳಿದ್ದು, "ಮಾತ್ರೆ ಹೇಗೆ ತಗೋತೀರಮ್ಮಾ?"

"ಬೆಳಿಗ್ಗೆ ಕಾಫಿ ಜೊತೆ. ಕ್ಯಾಲ್ಸಿಯಂ ಮಾತ್ರೆನೂ ಆಗಲೇ ನುಂಗಿಬಿಡ್ತೀನಿ, ಮರೆಯೋದೇ ಇಲ್ಲ."

ಬಗ್ ಅಲ್ಲೇ ಇತ್ತು! ಕಾಫಿ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇವೆಲ್ಲ ಥೈರಾಕ್ಸಿನ್ ರಕ್ತಕ್ಕೆ ಸೇರೋದಕ್ಕೆ ಅಡ್ಡಿ ಮಾಡುತ್ತವೆ. ಹಾಗಾಗಿ ಖಾಲಿ ಹೊಟ್ಟೆಗೆ ನೀರಿನ ಜೊತೆ ಮಾತ್ರೆ, 30ರಿಂದ 60 ನಿಮಿಷ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣಕ್ಕೆ 4 ಗಂಟೆ ಅಂತರ.

ಡೋಸ್ ಬದಲಾಗಲಿಲ್ಲ, 2 ತಿಂಗಳಲ್ಲಿ ಟಿಎಸ್‌ಎಚ್ ನಾರ್ಮಲ್.

3 ವರ್ಷ ಅಮ್ಮನ ರಿಪೋರ್ಟ್ ನೋಡಿದ್ದು ನಾನೇ. ಮಾತ್ರೆ ಹೇಗೆ ತಗೋತೀಯಮ್ಮಾ ಅಂತ ಒಮ್ಮೆಯೂ ಕೇಳಿರಲಿಲ್ಲ. ನೀವಾದರೂ ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ.