ಮನೆವಾರ್ತೆ: ಸ್ಟೆಪ್ನಿಯಿಲ್ಲದ ಕಾರು

ನಮ್ಮ ಕರಾವಳಿಯ ಮನೆಗಳ ಅಂಗಳಕ್ಕೆ ಈಗ ವಿದ್ಯುತ್ ಕಾರುಗಳು ಬರತೊಡಗಿವೆ. ಹೊನ್ನಾವರದಲ್ಲಿ ಶರಾವತಿಯ ನಡುವಿನ ಮಾವಿನಕುರ್ವೆಯಾಗಲಿ, ಭಟ್ಕಳದಲ್ಲಿ ಬಂದರಿನ ಮಾವಿನಕುರ್ವೆಯಾಗಲಿ, ಇಂಥ ಕಾರನ್ನು ಕೊಳ್ಳಹೊರಟ ಗೃಹಸ್ಥನು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು: ಒಮ್ಮೆ ವಿದ್ಯುತ್ತು ತುಂಬಿದರೆ ಎಷ್ಟು ದೂರ ಓಡೀತು, ತುಂಬಲು ಎಷ್ಟು ಹೊತ್ತು ಹಿಡಿದೀತು, ಬ್ಯಾಟರಿ ಎಷ್ಟು ವರುಷ ಬಾಳೀತು. ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಆದರೆ ಹಿಂದಿನ ಬಾಗಿಲನ್ನು ಎತ್ತಿಸಿ, ಕೆಳಗಿನ ಹಾಸನ್ನು ಸರಿಸಿ, ‘ಸ್ಟೆಪ್ನಿ ಎಲ್ಲಿದೆ?’ ಎಂದು ಕೇಳುವವರು ವಿರಳ. ಕೇಳಿದವರಿಗೆ ಅನೇಕ ಕಾರುಗಳಲ್ಲಿ ಅಲ್ಲಿ ಕಾಣಸಿಗುವುದು ಚಕ್ರವಲ್ಲ. ಗಾಳಿ ತುಂಬುವ ಒಂದು ಪುಟ್ಟ ಯಂತ್ರ, ಮತ್ತು ಬಿಳಿಯ ದ್ರವ ತುಂಬಿದ ಒಂದು ಸೀಸೆ.

ಸ್ಟೆಪ್ನಿಯೆಂಬ ಮಾತಿನ ಹುಟ್ಟನ್ನು ಇಲ್ಲಿ ಹೇಳಿದರೆ ವಾಚಕರಿಗೆ ಬೇಸರವಾಗದೆಂದು ನಂಬುತ್ತೇವೆ. ಮೊದಮೊದಲಿನ ಮೋಟಾರು ಗಾಡಿಗಳಲ್ಲಿ ಹೆಚ್ಚಿನ ಚಕ್ರವನ್ನು ಇಡುವ ಪದ್ಧತಿಯೇ ಇರಲಿಲ್ಲ. ಟೈರು ತೂತಾದರೆ ದಾರಿಯ ಬದಿಯಲ್ಲಿ ಕುಳಿತು ಅದನ್ನು ಬಿಚ್ಚಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಾಗುತ್ತಿತ್ತು. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಡೇವೀಸ್ ಸೋದರರು ಗಾಳಿ ತುಂಬಿದ ಟೈರಿನೊಡನೆ ಒಂದು ಹೆಚ್ಚಿನ ಬಳೆಯನ್ನು ಮಾಡಿ, ಅದನ್ನು ಕೆಟ್ಟ ಚಕ್ರದ ಮಗ್ಗುಲಿಗೇ ಬಿಗಿದು ಮುಂದುವರಿಯುವ ಉಪಾಯವನ್ನು ಕಂಡುಹಿಡಿದರು. ಅವರ ಅಂಗಡಿಯಿದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರೇ ಸಾಮಾನಿನ ಹೆಸರಾಗಿ, ಹಡಗು ಹತ್ತಿ ಹಿಂದುಸ್ಥಾನಕ್ಕೆ ಬಂದು, ಇಂದು ನಮ್ಮ ಪಂಚರು ಅಂಗಡಿಗಳಲ್ಲಿ ಕನ್ನಡದ್ದೇ ಮಾತೆಂಬಂತೆ ನೆಲೆಸಿದೆ. ಹೆಸರು ಉಳಿದಿರುವಾಗ ವಸ್ತುವೇ ಮಾಯವಾಗುತ್ತಿರುವುದು ಕಾಲದ ವಿನೋದವಷ್ಟೆ.

ಮಾಯವಾದುದಕ್ಕೆ ಕಾರಣಗಳುಂಟು. ವಿದ್ಯುತ್ ಕಾರಿನ ಬ್ಯಾಟರಿಯು ನೆಲಹಾಸಿನ ಕೆಳಗೆ ಹರಡಿಕೊಂಡಿರುವುದು. ಸಣ್ಣ ಕಾರಿನಲ್ಲಿಯೂ ಅದರ ತೂಕ ಇನ್ನೂರು ಕಿಲೋದ ಆಸುಪಾಸಿನಲ್ಲಿದ್ದು, ದೊಡ್ಡವುಗಳಲ್ಲಿ ಇನ್ನೂ ಹೆಚ್ಚುವುದು. ಸ್ಟೆಪ್ನಿಗೆಂದು ಮೊದಲು ಬಿಡುತ್ತಿದ್ದ ಕುಳಿಯನ್ನು ಹಲವು ಕಾರುಗಳಲ್ಲಿ ಬ್ಯಾಟರಿಯೂ ಅದರ ಉಪಕರಣಗಳೂ ನುಂಗಿಬಿಡುತ್ತವೆ. ಇದಕ್ಕೆ ಕಾನೂನಿನ ಅನುಮತಿಯೂ ದೊರೆತಿದೆ. 2020ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಮೂರೂವರೆ ಟನ್ನು ಮೀರದ ಪ್ರಯಾಣಿಕರ ಕಾರಿನಲ್ಲಿ ಟ್ಯೂಬಿಲ್ಲದ ಟೈರುಗಳೂ, ಗಾಳಿಯ ಒತ್ತಡವನ್ನು ಚಾಲಕನಿಗೆ ತಿಳಿಸುವ ಸಾಧನವೂ, ಟೈರು ದುರಸ್ತಿಯ ಪೆಟ್ಟಿಗೆಯೂ ಇದ್ದಲ್ಲಿ ಹೆಚ್ಚಿನ ಚಕ್ರವು ಕಡ್ಡಾಯವಲ್ಲವೆಂಬ ನಿಯಮ ಆ ವರುಷದ ಅಕ್ಟೋಬರ 1ರಿಂದ ಜಾರಿಗೆ ಬಂದಿತು. ಈ ನಿಯಮ ಪೆಟ್ರೋಲು ಕಾರಿಗೂ ಅನ್ವಯಿಸುವುದು. ಆದರೆ ಅದರ ಪ್ರಯೋಜನವನ್ನು ವಿದ್ಯುತ್ ಕಾರಿನವರೇ ಹೆಚ್ಚಾಗಿ ಪಡೆದರು.

ತೂಕ ಕಡಿಮೆಯಾದರೆ ಕಾರು ಹೆಚ್ಚು ದೂರ ಓಡುವುದೆಂದು ಮಾರುವವರು ಹೇಳುವುದುಂಟು. ಈ ಮಾತನ್ನು ತೂಗಿ ನೋಡತಕ್ಕುದು. ಸಣ್ಣ ಕಾರಿನ ಒಂದು ಚಕ್ರದ ತೂಕ ಹದಿನೈದು ಕಿಲೋದ ಸುಮಾರು. ಅಂದರೆ ಪೇಟೆಯಿಂದ ತರುವ 25 ಕಿಲೋದ ಅಕ್ಕಿಚೀಲಕ್ಕಿಂತ ಹಗುರ. ಅಕ್ಕಿಚೀಲ ಹೇರಿದ ದಿನ ಕಾರು ದಾರಿಯಲ್ಲಿ ನಿಂತುದನ್ನು ಯಾರೂ ಕಂಡಿಲ್ಲ. ಜಾಗ ಮತ್ತು ಖರ್ಚಿನ ಉಳಿತಾಯವೇ ಇದರ ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ.

ನಗರವಾಸಿಗಳಿಗೆ ಇದು ದೊಡ್ಡ ಮಾತಲ್ಲ. ಬೆಂಗಳೂರಿನ ಬೀದಿಯಲ್ಲಿ ಟೈರು ಕೆಟ್ಟರೆ ಮುಂದಿನ ತಿರುವಿನಲ್ಲಿ ಪಂಚರು ಅಂಗಡಿ, ಕೂಗಿದರೆ ಬರುವ ಸಹಾಯದ ವಾಹನ. ನಮ್ಮ ಕಡೆಯ ಸಂಗತಿಯೇ ಬೇರೆ. ನಮ್ಮವರು ದೊಡ್ಡ ಕಾಯಿಲೆಯೆಂದರೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗತಕ್ಕವರು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು, ಹೊನ್ನಾವರದಿಂದ 130ರಷ್ಟು, ಕುಮಟೆಯವರಿಗೆ ಇನ್ನೂ ದೂರ. ಮಳೆಗಾಲದ ನಡುರಾತ್ರಿ ಹಿರಿಯರಿಗೆ ಎದೆನೋವು ಬಂದು, ಹಿಂದಿನ ಆಸನದಲ್ಲಿ ಅವರನ್ನು ಮಲಗಿಸಿಕೊಂಡು ಹೊರಟಾಗ, ಸೀಸೆಯ ದ್ರವದಿಂದ ಮುಚ್ಚದ ತೂತೊಂದು ಬಿದ್ದರೆ ಮಾಡುವುದೇನು? ಇತ್ತ ಜೋಗದ ಕಡೆಗೆ ಗೇರುಸೊಪ್ಪೆ ಘಟ್ಟ, ಶಿರಸಿಯ ಕಡೆಗೆ ದೇವಿಮನೆ ಘಟ್ಟ ಹತ್ತಿದರೆ, ದೂರವಾಣಿಯೇ ಮೌನವಾಗುವ ತಿರುವುಗಳೂ ಉಂಟು. ಪಂಚರಿನ ವಿಷಯವನ್ನು ಮನೆಯವರೆಲ್ಲ ಕುಳಿತು ಯೋಚಿಸತಕ್ಕುದೆಂದು ನಾವು ಹೇಳುವುದು ಈ ಕಾರಣದಿಂದ.

ಮೊದಲು ಆ ಪೆಟ್ಟಿಗೆಯ ವಿಚಾರ. ಅದರಲ್ಲಿ ಗಾಳಿಯಂತ್ರವೇ ಹೆಚ್ಚು ಬೆಲೆಯುಳ್ಳದ್ದು, ದ್ರವವು ಎರಡನೆಯದು. ಜನರು ಇದನ್ನು ತಿರುಗಾಮುರುಗಾ ತಿಳಿಯುತ್ತಾರೆ. ಪಂಚರುಗಳಲ್ಲಿ ಬಹುಪಾಲು ಮೊಳೆಯಿಂದಾಗುವಂಥವು. ಟ್ಯೂಬಿಲ್ಲದ ಟೈರಿನಲ್ಲಿ ಮೊಳೆ ಹೊಕ್ಕಿದ್ದರೂ ಅದು ತಾನೇ ಬಿರಡೆಯಂತೆ ನಿಂತು ಗಾಳಿಯನ್ನು ನಿಧಾನವಾಗಿ ಮಾತ್ರ ಬಿಡುವುದು. ಆದುದರಿಂದ ಮೊಳೆಯನ್ನು ಕಂಡೊಡನೆ ಕಿತ್ತುಹಾಕುವುದು ಅವಿವೇಕ. ಹಾಗೆಯೇ ಬಿಟ್ಟು, ಗಾಳಿಯಂತ್ರದ ವಯರನ್ನು ಕಾರಿನ 12 ವೋಲ್ಟಿನ ಕಂಡಿಗೆ ಸೇರಿಸಿ, ಹೇಳಿದ ಒತ್ತಡದವರೆಗೆ ಗಾಳಿಯನ್ನು ಮಾತ್ರ ತುಂಬಿ, ಹತ್ತು ನಿಮಿಷ ಕಾದು ನೋಡಬೇಕು. ಒತ್ತಡ ಹೆಚ್ಚು ಇಳಿಯದಿದ್ದರೆ ನಿಧಾನವಾಗಿ ಮುಂದಿನ ಅಂಗಡಿಯವರೆಗೆ ಹೋಗಬಹುದು. ಮಧ್ಯೆ ನಿಂತು ಮತ್ತೊಮ್ಮೆ ತುಂಬಿಕೊಳ್ಳಬಹುದು. ಯಂತ್ರ ನಡೆಸುವಾಗ ಕಾರನ್ನು ಹೊರಡುವ ಸ್ಥಿತಿಯಲ್ಲಿ ಚಾಲೂ ಇಡಬೇಕು; ಇಲ್ಲವಾದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಬರಿದಾಗಿ ಒಂದು ತೊಂದರೆಗೆ ಎರಡಾದಾವು.

ಗಾಳಿ ನಿಲ್ಲದಿದ್ದರೆ ಮಾತ್ರ ದ್ರವಕ್ಕೆ ಕೈಹಾಕತಕ್ಕುದು. ಸೀಸೆಯನ್ನು ಯಂತ್ರಕ್ಕೆ ಜೋಡಿಸಿದರೆ ದ್ರವವು ಟೈರಿನೊಳಗೆ ಹೋಗುವುದು. ಕೂಡಲೆ ಕೆಲವು ಕಿಲೋಮೀಟರು ಓಡಿಸಿದರೆ ಅದು ಒಳಗೆಲ್ಲ ಹರಡಿ ತೂತಿನಲ್ಲಿ ಗಟ್ಟಿಯಾಗುವುದು. ಬಳಿಕ ನಿಂತು ಒತ್ತಡವನ್ನು ನೋಡಬೇಕು. ಮೊಳೆಯ ಗಾತ್ರದ ತೂತಿಗೆ ಇದು ಸಾಕು. ಆಮೇಲೆ ಗಂಟೆಗೆ 80 ಕಿಲೋಮೀಟರನ್ನು ಮೀರಬಾರದೆಂದು ಸಾಮಾನ್ಯವಾಗಿ ಸೀಸೆಯ ಮೇಲೆಯೇ ಬರೆದಿರುತ್ತದೆ. ನಮ್ಮ ಹೆದ್ದಾರಿಯಲ್ಲಿ ಅದಕ್ಕಿಂತಲೂ ಕಡಿಮೆಯೇ ಲೇಸು. ಇದು ಅಂಗಡಿಯವರೆಗೆ ಮುಟ್ಟಿಸುವ ಉಪಾಯವೇ ಹೊರತು ದುರಸ್ತಿಯಲ್ಲ. ದ್ರವ ಹಾಕಿದ ಸಂಗತಿಯನ್ನು ಪಂಚರು ಅಂಗಡಿಯವನಿಗೆ ಮೊದಲೇ ಹೇಳುವುದು ಮರ್ಯಾದೆ. ಅದನ್ನು ತೊಳೆಯುವ ಕಷ್ಟ ಅವನದು. ಕೆಲವು ವಿದ್ಯುತ್ ಕಾರುಗಳ ಟೈರಿನೊಳಗೆ ಸದ್ದಡಗಿಸಲು ಮೆತ್ತೆಯಂಥ ಸ್ಪಂಜಿನ ಪಟ್ಟಿಯನ್ನು ಅಂಟಿಸಿರುತ್ತಾರೆ; ಇದು ಇದ್ದರೆ ಅದನ್ನೂ ಅವನಿಗೆ ತಿಳಿಸಬೇಕು. ಸೀಸೆಗೆ ಔಷಧಕ್ಕಿರುವಂತೆ ಅವಧಿಯ ತಾರೀಖು ಇರುವುದೆಂಬುದು ಅನೇಕರಿಗೆ ತಿಳಿದೇ ಇಲ್ಲ. ಹಳೆಯ ಕಾರನ್ನು ಕೊಂಡವರು ಇಂದೇ ತೆಗೆದು ನೋಡಲಿ.

ಕೆಲವೇ ನೂರು ರೂಪಾಯಿಗೆ ಸಿಗುವ, ರಬ್ಬರು ಸವರಿದ ಎಳೆಗಳನ್ನು ತೂತಿಗೆ ತುರುಕುವ ಸಾಮಾನು ಇನ್ನೊಂದುಂಟು. ಕೈ ಪಳಗಿದವರಿಗೆ ಇದು ದ್ರವಕ್ಕಿಂತ ಮೇಲು. ಟೈರು ಬಿಚ್ಚಬೇಕಾಗಿಲ್ಲ, ಒಳಗೆ ರಾಡಿಯಾಗದು. ಕಲಿಯಬೇಕಾದರೆ ಪಂಚರು ಅಂಗಡಿಯವನ ಬಳಿ ಒಂದು ಹಳೆಯ ಟೈರಿನ ಮೇಲೆ ನಾಲ್ಕು ಸಲ ಮಾಡಿ ನೋಡಿದರೆ ಸಾಕು.

ಇವೆಲ್ಲವೂ ನೆಲಕ್ಕೆ ತಾಗುವ ಮೈಯಲ್ಲಿ ತೂತಾದಾಗಿನ ಮಾತು. ಟೈರಿನ ಪಕ್ಕೆ ಸೀಳಿದರೆ ದ್ರವವೂ ಇಲ್ಲ, ಎಳೆಯೂ ಇಲ್ಲ. ಆ ಟೈರಿನ ಆಯುಷ್ಯ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಪಕ್ಕೆ ಸೀಳುವ ಸಂದರ್ಭಗಳು ಕಡಿಮೆಯಲ್ಲ. ಆಷಾಢದಲ್ಲಿ ನೀರು ತುಂಬಿದ ಹೊಂಡ ಎಷ್ಟು ಆಳವೆಂದು ಯಾರಿಗೂ ಕಾಣದು. ಬಳೆಗೂ ಹೊಂಡದ ಅಂಚಿಗೂ ನಡುವೆ ಟೈರು ಸಿಕ್ಕಿ ಕತ್ತರಿಸುವುದು. ಕಾರಿನ ಭಾರ ಹೆಚ್ಚಿದಷ್ಟೂ ಆ ಪೆಟ್ಟು ಬಿರುಸು. ಒದ್ದೆಯಾದ ರಬ್ಬರು ಒಣ ರಬ್ಬರಿಗಿಂತ ಸುಲಭವಾಗಿ ಸೀಳುವುದಾದುದರಿಂದ ಮೊಳೆಯ ಪಂಚರೂ ಮಳೆಗಾಲದಲ್ಲಿಯೇ ಹೆಚ್ಚು. ಇಂಥ ಸಮಯದಲ್ಲಿ ಹೊಸ ಟೈರು ತರೋಣವೆಂದರೆ, ವಿದ್ಯುತ್ ಕಾರಿನ ಅಳತೆಯದು ಸಣ್ಣ ಊರಿನ ಅಂಗಡಿಯಲ್ಲಿ ಇದ್ದೇ ಇರುವುದೆಂಬ ಭರವಸೆಯಿಲ್ಲ. ಅಳತೆ ಸರಿಯಿದ್ದರೆ ಸಾಲದು, ಭಾರ ಹೊರುವ ಅಂಕೆಯೂ ಸರಿಯಿರಬೇಕು. ಟೈರಿನ ಪಕ್ಕೆಯಲ್ಲಿ ಅಳತೆಯ ಮುಂದೆ 88 ಎಂದಿದ್ದರೆ ಒಂದು ಟೈರು 560 ಕಿಲೋ ಹೊರುವುದೆಂದೂ, 91 ಎಂದಿದ್ದರೆ 615 ಕಿಲೋ ಎಂದೂ ಅರ್ಥ. ಕಂಪೆನಿ ಹೇಳಿದ ಅಂಕೆಗಿಂತ ಕಡಿಮೆಯದನ್ನು ‘ಸದ್ಯಕ್ಕೆ ಇದೇ ಇರಲಿ’ ಎಂದು ಹಾಕಿಸಿಕೊಳ್ಳಲೇಬಾರದು.

ಹಾಗಾದರೆ ಚಕ್ರವನ್ನು ನಾವೇ ಕೊಂಡಿಡಬಹುದೆ? ಇಡಬಹುದು, ದೂರ ಪ್ರಯಾಣ ಮಾಡುವ ಕುಟುಂಬಗಳು ಇಡುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮೊದಲು ಕಾರು ಮಾರುವವರಲ್ಲಿಯೇ ವಿಚಾರಿಸಬೇಕು. ಕೆಲವು ಕಾರುಗಳಿಗೆ ಸಪುರವಾದ ತಾತ್ಕಾಲಿಕ ಚಕ್ರ ದೊರೆಯುವುದು. ಹೊರಗೆ ಕೊಳ್ಳುವವರು ನಟ್ಟುಗಳ ಸಂಖ್ಯೆ, ಅವುಗಳ ನಡುವಣ ಅಂತರ, ಟೈರಿನ ಹೊರ ಅಳತೆ ಇವನ್ನೆಲ್ಲ ಹೊಂದಿಸಿ, ಮುಂದಿನ ಚಕ್ರದ ಬ್ರೇಕಿಗೆ ಬಳೆ ತಾಗದೆಂಬುದನ್ನು ಅಂಗಡಿಯಲ್ಲಿಯೇ ತೊಡಿಸಿ ನೋಡಿ ಹಣ ಕೊಡಬೇಕು. ನಿತ್ಯವೂ ಹೊತ್ತು ತಿರುಗಬೇಕಾಗಿಲ್ಲ. ಪೇಟೆಗೆ, ಶಾಲೆಗೆ ಹೋಗಿಬರುವಾಗ ಅದು ಮನೆಯ ಚಾವಡಿಯಲ್ಲಿರಲಿ, ಘಟ್ಟ ಹತ್ತುವಾಗಲೂ ಮಂಗಳೂರಿಗೆ ಹೊರಡುವಾಗಲೂ ಡಿಕ್ಕಿಯಲ್ಲಿರಲಿ. ಆದರೆ ಪಟ್ಟಿಯಿಂದ ಬಿಗಿಯಾಗಿ ಕಟ್ಟದೆ ಇಡಕೂಡದು. ಕಾರು ಥಟ್ಟನೆ ನಿಂತಾಗ ಹದಿನೈದು ಕಿಲೋದ ಕಬ್ಬಿಣ ಹಿಂದಿನ ಆಸನದಲ್ಲಿ ಕುಳಿತ ಮಕ್ಕಳ ಬೆನ್ನಿಗೆ ಹಾರಿ ಬಂದರೆ ಪಂಚರೇ ವಾಸಿಯೆನಿಸೀತು.

ಚಕ್ರವಿಲ್ಲದ ಕಾರಿನೊಡನೆ ಜಾಕನ್ನೂ ನಟ್ಟು ಬಿಚ್ಚುವ ಪಾನವನ್ನೂ ಕೊಡದಿರುವುದುಂಟು, ಅವನ್ನೂ ಕೊಳ್ಳಬೇಕು. ಜಾಕು ಕೊಡುವ ಜಾಗ ಮಾತ್ರ ಎಚ್ಚರಿಕೆಯ ವಿಷಯ. ಬಾಗಿಲಿನ ಕೆಳಗಿನ ಅಂಚಿನಲ್ಲಿ ಇದಕ್ಕೆಂದೇ ಗುರುತು ಮಾಡಿದ ಸ್ಥಳಗಳಿವೆ. ಅವಸರದಲ್ಲಿ ನಡುವೆ ಎಲ್ಲಿಯೋ ಕೊಟ್ಟು ಎತ್ತಿದರೆ ಭಾರವೆಲ್ಲ ಬ್ಯಾಟರಿಯ ತಟ್ಟೆಯ ಮೇಲೆ ಬಿದ್ದು, ಇಡೀ ಕಾರಿನಲ್ಲಿ ಅತ್ಯಂತ ಬೆಲೆಬಾಳುವ ಭಾಗವೇ ನಜ್ಜಾದೀತು. ಪಂಚರು ಅಂಗಡಿಯಲ್ಲಿಯೂ ಯಜಮಾನನು ಹತ್ತಿರವೇ ನಿಂತು ಇದನ್ನು ತೋರಿಸಿಕೊಡತಕ್ಕುದು. ನಮ್ಮ ಕೆಮ್ಮಣ್ಣು ಮಳೆಯಲ್ಲಿ ಮೆತ್ತಗಾಗುವುದರಿಂದ ಜಾಕಿನ ಅಡಿಗೆ ಇಡಲು ಒಂದು ಹಲಗೆಯ ತುಂಡು ಕಾರಿನಲ್ಲಿದ್ದರೆ ಒಳ್ಳೆಯದು.

ಟೈರು ಪೂರ್ತಿ ಕೈಕೊಟ್ಟಾಗ ಹಗ್ಗ ಕಟ್ಟಿ ಟೆಂಪೋದಿಂದ ಎಳೆಸುವುದು ನಮ್ಮಲ್ಲಿ ರೂಢಿ. ಬರುವವರ ಪರೋಪಕಾರಬುದ್ಧಿ ದೊಡ್ಡದು. ಆದರೂ ವಿದ್ಯುತ್ ಕಾರಿನ ಮಟ್ಟಿಗೆ ಕೈಮುಗಿದು ಬೇಡವೆನ್ನಬೇಕು. ಮೋಟಾರಿಗೆ ಸೇರಿದ ಚಕ್ರಗಳು ನೆಲದ ಮೇಲೆ ಉರುಳಿದರೆ ಮೋಟಾರೂ ತಿರುಗಿ ವಿದ್ಯುತ್ತನ್ನು ಹುಟ್ಟಿಸುವುದು; ಅದರಿಂದ ಒಳಗಿನ ಉಪಕರಣಗಳು ಕೆಡುವ ಸಂಭವವಿದೆ. ಕಾರನ್ನು ಪೂರ್ತಿಯಾಗಿ ಮೇಲೆ ಹೊರುವ ಚಪ್ಪಟೆ ಲಾರಿಯೇ ಬೇಕು. ಅದನ್ನು ಕಳುಹಿಸುವವರ ದೂರವಾಣಿಯ ಅಂಕೆಯನ್ನು ಫೋನಿನಲ್ಲಿ ಮಾತ್ರವಲ್ಲದೆ ಕಾಗದದಲ್ಲಿಯೂ ಬರೆದು ಕಾರಿನಲ್ಲಿಟ್ಟಿರಬೇಕು. ಅದು ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಬರುವುದು, ರಾತ್ರಿಯಲ್ಲಿ ಬರುವುದೆ ಎಂಬುದನ್ನು ಕಾರು ಕೊಳ್ಳುವ ಮೊದಲೇ ಕೇಳಿ ತಿಳಿಯತಕ್ಕುದು. ರೋಗಿಯಿದ್ದಲ್ಲಿ ಲಾರಿಯನ್ನು ಕಾಯುತ್ತ ಕೂರಬೇಡಿ. ಮೊದಲು 108ಕ್ಕೆ ಕರೆಮಾಡಿ, ಇಲ್ಲವೆ ಬೇರೆ ವಾಹನ ಹಿಡಿದು ರೋಗಿಯನ್ನು ಕಳುಹಿಸಿ. ಕಾರು ಮಾರನೆಯ ದಿನ ಬಂದರೂ ಆದೀತು.

ಈ ಕೆಲಸಗಳನ್ನು ಗಂಡಸರಿಗೇ ಮೀಸಲಿಡುವ ಅಭ್ಯಾಸವನ್ನೂ ಬಿಡಬೇಕು. ಈಗ ಮನೆಯ ಕಾರನ್ನು ಓಡಿಸುವವರಲ್ಲಿ ಸೊಸೆಯಂದಿರೂ ಹೆಣ್ಣುಮಕ್ಕಳೂ ಇರುವರಷ್ಟೆ. ಬಿಡುವಿನ ದಿನವೊಂದರಲ್ಲಿ ಅಂಗಳದಲ್ಲಿಯೇ ಕಾರನ್ನು ನಿಲ್ಲಿಸಿ, ಕಾರು ಓಡಿಸುವವರೆಲ್ಲರೂ ಒಂದೊಂದು ಸಲ ಗಾಳಿಯಂತ್ರವನ್ನು ಜೋಡಿಸಿ, ಜಾಕಿನ ಗುರುತನ್ನು ಕೈಯಿಂದ ಮುಟ್ಟಿ ನೋಡಲಿ. ಅದೇ ಹೊತ್ತಿನಲ್ಲಿ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿಯುವುದೂ ಲೇಸು. ಸಮುದ್ರದ ಉಪ್ಪುಗಾಳಿಗೆ ಅವು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹಗಲಿನಲ್ಲಿಯೇ ತಿಳಿಯಲಿ. ಕೊಂಡು ತಂದ ಚಕ್ರವನ್ನು ಚಾವಡಿಯಲ್ಲಿ ಇಟ್ಟು ಮರೆತರೆ ಅದರ ಗಾಳಿಯೂ ತಿಂಗಳು ತಿಂಗಳಿಗೆ ಇಳಿಯುತ್ತಿರುತ್ತದೆ. ಪ್ರಯಾಣದ ಹಿಂದಿನ ಸಂಜೆ ಉಳಿದ ನಾಲ್ಕರೊಡನೆ ಐದನೆಯದನ್ನೂ ಅಳೆದು ನೋಡಬೇಕು.