ಎಣ್ಣೆ ನಗರದ ಬೆಂಚಿಗೆ ಯಾವ ಎಣ್ಣೆ?

ಮಕ್ಕಳೇ, ಶೇಂಗಾ ಎಣ್ಣೆಯ ಗಿರಣಿಗಳಿಂದಲೇ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂತೆಂದು ನಿಮ್ಮ ಅಜ್ಜ ಹೇಳಿರಬೇಕು. ಹಾಗಾದರೆ ಅಂಗಳದ ಬೇವಿನ ಮರದಡಿ ಇರುವ ಹಲಗೆ ಬೆಂಚಿಗೂ ಅದೇ ಎಣ್ಣೆ ಹಚ್ಚಿದರಾಯಿತಲ್ಲ? ಇಲ್ಲ. ಶೇಂಗಾ ಎಣ್ಣೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗಿ ಒಣಗುವುದಿಲ್ಲ. ಅಂಟಂಟಾಗಿ ಉಳಿದು ದೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಕೂತವರ ಪಂಚೆಯ ಗತಿ ನೀವೇ ಯೋಚಿಸಿ.

ಬೇಕಾದದ್ದು ಅಗಸೆ ಎಣ್ಣೆ. ಅಜ್ಜಿ ಚಟ್ನಿಪುಡಿ ಮಾಡುವ ಅಗಸೆಯದ್ದೇ. ಇದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮರದೊಳಗೇ ಗಟ್ಟಿಯಾಗುತ್ತದೆ. ಬಣ್ಣದ ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಕೇಳಿ. ಬೇಗ ಒಣಗಲು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ, ಹಾಗಾಗಿ ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ.

ವಾರ್ನಿಷ್ ಹೊಳಪೇನೋ ಚೆಂದ. ಆದರೆ ನಮ್ಮ ಬಿಸಿಲಿಗೆ ಹಲಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ಮೇಲಿನ ಪದರ ಬಿರಿದು ನೀರು ಒಳಗಿಳಿದರೆ ಸಿಪ್ಪೆಯಂತೆ ಏಳುತ್ತದೆ. ಅದನ್ನು ಕೆರೆದು ತೆಗೆಯುವುದು ಯಾರಿಗೂ ಬೇಡದ ಕೆಲಸ. ಎಣ್ಣೆಯಾದರೆ ವರ್ಷಕ್ಕೊಮ್ಮೆ ಮೇಲೆ ಹಚ್ಚಿದರಾಯಿತು.

ಬೆಳಿಗ್ಗೆ, ಹಲಗೆ ಕಾಯುವ ಮುಂಚೆ ಶುರು ಮಾಡಿ. ಉಜ್ಜುವ ಕೆಲಸ ಮೊಮ್ಮಕ್ಕಳದ್ದು: ಮೊದಲು 80ನೇ ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 120, ಮರದ ಎಳೆ ಓಡಿದ ದಿಕ್ಕಿಗೇ. ದೂಳು ಒರೆಸಿ ಬಟ್ಟೆಯಿಂದ ತೆಳ್ಳಗೆ ಎಣ್ಣೆ ಹಚ್ಚಿ. ಹಲಗೆಯ ತುದಿಗಳಿಗೆ ಎರಡು ಮೂರು ಸಲ ಬೇಕು, ಮರ ನೀರು ಕುಡಿಯುವ ಬಾಯಿ ಅದೇ. ಇಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಪೂರಾ ಒರೆಸಿಬಿಡಿ. ಒಣಗಿದ ಮೇಲೆ ಇನ್ನೊಂದು ಸಲ.

ಮೊಳಕಾಲ್ಮುರು ಕಡೆ ಮನೆಯಲ್ಲಿ ಮಗ್ಗ ಇರುವವರು, ಉಳಿದ ಎಣ್ಣೆಯನ್ನು ಅದಕ್ಕೆ ಸವರಲು ಹೋಗಬೇಡಿ. ರೇಷ್ಮೆಗೆ ಕಲೆ ಬಿದ್ದರೆ ಸೀರೆಯೇ ಹೋಯಿತು!

ಇನ್ನು ಒರೆಸಿದ ಬಟ್ಟೆ. ಇದು ದೊಡ್ಡವರ ಜವಾಬ್ದಾರಿ, ಮರೆಯುವಂತಿಲ್ಲ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಹಲಗೆಯ ಮೇಲಿನ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಒಳಗೇ ಕೂಡುತ್ತದೆ. ಕಡ್ಡಿ ಗೀರದಿದ್ದರೂ ಕೆಲವೇ ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಇಂಥ ಬಟ್ಟೆಗಳಿಂದಲೇ. ಅದನ್ನು ಆರಿಸಲು ಹೋದ ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆದ್ದರಿಂದ ಬಟ್ಟೆಯನ್ನು ಕೂಡಲೇ ಬಕೆಟ್ ನೀರಿನಲ್ಲಿ ಮುಳುಗಿಸಿ. ಇಲ್ಲವೇ ಹುಲ್ಲಿನ ಬಣವೆಯಿಂದ ದೂರ, ನೆರಳಿನಲ್ಲಿ ಒಂದೊಂದಾಗಿ ಬಿಡಿಸಿ, ಗರಿಗರಿಯಾಗುವವರೆಗೆ ಹರವಿಡಿ.

ವಾರ ಕಳೆದ ಮೇಲೆ ಬೆಂಚಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಅಜ್ಜಿಯನ್ನು ಕರೆದು ಕೂರಿಸಿ. ಹೀರಿಕೊಂಡು ಕಪ್ಪಾದರೆ, ಇನ್ನೊಂದು ಸಲ ಹಚ್ಚಿ.