ಪಕ್ಕದ ಮನೆಯ ಬೆಕ್ಕು

ಶಿವಮೊಗ್ಗದ ಟ್ಯಾಂಕ್ ಮೊಹಲ್ಲಾದಲ್ಲಾಗಲಿ, ಭದ್ರಾವತಿಯ ಹಳೇನಗರದಲ್ಲಾಗಲಿ, ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಮೂರಡಿ ಜಾಗವಿದ್ದರೆ ಅದೇ ದೊಡ್ಡದು. ಆ ಮೂರಡಿಯಲ್ಲೇ ನೀವು ಕೊತ್ತಂಬರಿ, ಪುದೀನ ಹಾಕಿದ್ದೀರಿ. ಬೆಳಿಗ್ಗೆ ನೋಡಿದರೆ ಮಣ್ಣು ಕೆದರಿದೆ, ಸಸಿ ಕಿತ್ತು ಬಿದ್ದಿದೆ, ಜೊತೆಗೆ ದುರ್ವಾಸನೆ. ತಾರಸಿಯಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಹೆಜ್ಜೆ ಗುರುತು. ಬೈಕಿನ ಸೀಟಿನ ಮೇಲೆ ಉಗುರಿನ ಗೆರೆ. ಯಾರ ಬೆಕ್ಕು ಎಂದು ನಿಮಗೆ ಗೊತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವ ಮಾತಿನಂತೆ, ಪಕ್ಕದ ಮನೆಗೆ ಹೋಗಿ ಹೇಳುವವರು ಯಾರು?

ಹೇಳದೆ ಉಳಿದ ಮಾತು ಒಳಗೆ ಹುಳಿಯುತ್ತದೆ. ಮೊದಲು ನೀವು ಬೆಕ್ಕಿಗೆ ಕಲ್ಲು ಎಸೆಯುತ್ತೀರಿ. ಅದನ್ನು ಆ ಮನೆಯ ಮಗು ನೋಡುತ್ತದೆ. ಆ ಸಂಜೆಯಿಂದ ಎರಡು ಮನೆಯ ಹೆಂಗಸರು ನಲ್ಲಿಯ ಬಳಿ ಮುಖ ತಿರುಗಿಸುತ್ತಾರೆ. ಅದರಲ್ಲೂ ನಮ್ಮ ಶಿವಮೊಗ್ಗದಂಥ ಊರಿನಲ್ಲಿ, 2022ರ ಫೆಬ್ರವರಿಯಲ್ಲೂ ಆಗಸ್ಟ್‌ನಲ್ಲೂ ನಿಷೇಧಾಜ್ಞೆಯ ದಿನಗಳನ್ನು ಕಂಡ ಊರಿನಲ್ಲಿ, ಎರಡು ಮನೆಗಳ ಹೆಸರು ಬೇರೆ ಬೇರೆ ಧರ್ಮದ್ದಾಗಿದ್ದರೆ ಬೆಕ್ಕಿನ ಜಗಳಕ್ಕೂ ಬಣ್ಣ ಬಳಿಯಲು ಜನ ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಈ ವಿಷಯವನ್ನು ಚಿಲ್ಲರೆ ಎಂದು ತಳ್ಳಿಹಾಕಬೇಡಿ.

ಮೊದಲು ಬೆಕ್ಕಿನ ಸ್ವಭಾವ ತಿಳಿಯೋಣ. ಬೆಕ್ಕು ಬೇಲಿಯನ್ನಾಗಲಿ ಖಾತೆ ಪತ್ರವನ್ನಾಗಲಿ ನೋಡುವುದಿಲ್ಲ. ಆಹಾರ ಎಲ್ಲಿದೆ, ಬೆಚ್ಚಗಿನ ಮರೆ ಎಲ್ಲಿದೆ, ಸಡಿಲ ಒಣಮಣ್ಣು ಎಲ್ಲಿದೆ, ಈ ಮೂರನ್ನೇ ನೋಡುತ್ತದೆ. ತನ್ನ ಹೊಲಸನ್ನು ಮಣ್ಣಿನಲ್ಲಿ ಮುಚ್ಚುವುದು ಅದರ ಹುಟ್ಟುಗುಣ. ನೀವು ಕೈಯಾರೆ ಹದ ಮಾಡಿದ ಪಾತಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಗಂಡುಬೆಕ್ಕು ಬಾಗಿಲು ಮೂಲೆಗೆ ಮೂತ್ರ ಸಿಂಪಡಿಸುವುದು ತನ್ನ ಎಲ್ಲೆಯನ್ನು ಗುರುತಿಸಲು, ನಿಮ್ಮ ಮೇಲಿನ ಹಗೆಯಿಂದಲ್ಲ. ಮತ್ತೊಂದು ಸಂಗತಿ. ಮೀನು ತೊಳೆದ ನೀರನ್ನು, ಕೋಳಿಯ ಚರ್ಮವನ್ನು ಹಿತ್ತಲಿಗೆ ಚೆಲ್ಲುವ ಮನೆಗೆ ಬೆಕ್ಕನ್ನು ಯಾರೂ ಕರೆದುಕೊಂಡು ಬರಬೇಕಾಗಿಲ್ಲ. ದೂರು ಹೇಳುವ ಮುನ್ನ ನಿಮ್ಮ ಕಸದ ಬುಟ್ಟಿಗೆ ಮುಚ್ಚಳ ಇದೆಯೇ ನೋಡಿಕೊಳ್ಳಿ.

ಈಗ ಪಾತಿಯ ವಿಷಯ. ಬಿತ್ತಿದ ಮೇಲೆ ಕೋಳಿಗೂಡಿಗೆ ಬಳಸುವ ತಂತಿ ಬಲೆಯನ್ನು ಮಣ್ಣಿನ ಮೇಲೆ ಚಪ್ಪಟೆಯಾಗಿ ಹಾಸಿ, ಅಂಚನ್ನು ಒಳಕ್ಕೆ ಮಡಚಿ, ತೆಳುವಾಗಿ ಮಣ್ಣು ಮುಚ್ಚಿ. ಸಸಿ ಬಲೆಯ ಕಣ್ಣಿನಿಂದ ಮೇಲೆ ಬರುತ್ತದೆ, ಬೆಕ್ಕಿಗೆ ಕೆದರಲು ಆಗುವುದಿಲ್ಲ. ಬಲೆ ಇಲ್ಲದಿದ್ದರೆ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆಯ ಒರಟು ಚೂರುಗಳನ್ನು ಒತ್ತಾಗಿ ಹರಡಿ. ಮಲೆನಾಡಿನ ಬಾಗಿಲಲ್ಲಿರುವ ನಮಗೆ ಇವುಗಳಿಗೆ ಬರವೇ? ಮಣ್ಣನ್ನು ಒದ್ದೆಯಾಗಿಟ್ಟರೂ ಬೆಕ್ಕು ಹಿಂದೆ ಸರಿಯುತ್ತದೆ. ಕಿತ್ತಳೆ, ನಿಂಬೆ ಸಿಪ್ಪೆ ಒಂದೆರಡು ದಿನ ಕೆಲಸ ಮಾಡಬಹುದು, ವಾಸನೆ ಹೋದ ಮೇಲೆ ಇಲ್ಲ. ಗೇಟಿನ ಮುಂದೆ ಬಣ್ಣದ ನೀರಿನ ಬಾಟಲಿ ಸಾಲಾಗಿ ಇಡುವವರನ್ನು ನೀವೂ ನೋಡಿರಬಹುದು. ಕೆಂಪು ಬಣ್ಣವನ್ನು ಬೆಕ್ಕಿನ ಕಣ್ಣು ನಮ್ಮಂತೆ ಗುರುತಿಸುವುದೇ ಇಲ್ಲ. ಬಾಟಲಿಯ ಪಕ್ಕದಲ್ಲೇ ಬೆಕ್ಕು ಬಿಸಿಲು ಕಾಯಿಸುತ್ತಾ ಮಲಗಿದರೆ ಆಶ್ಚರ್ಯಪಡಬೇಡಿ.

ಫಿನೈಲ್ ಸುರಿಯುವುದು, ನುಸಿಗುಳಿಗೆ ಚೆಲ್ಲುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಇದನ್ನು ಇಂದೇ ನಿಲ್ಲಿಸಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಫಿನಾಲ್ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಅಪಾಯ. ನುಸಿಗುಳಿಗೆಯನ್ನು ಮಿಠಾಯಿ ಎಂದುಕೊಂಡು ಬಾಯಿಗೆ ಹಾಕುವುದು ಬೆಕ್ಕಿಗಿಂತ ಮೊದಲು ನಿಮ್ಮದೇ ಮಗು. ಬೆಕ್ಕು ಸಾಕಿದವರಿಗೂ ಒಂದು ಮಾತು: ಅದಕ್ಕೆ ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಇನ್ನು ಕೆಲವರು ಬೇಸತ್ತು ಬೇರೆಯದೇ ದಾರಿ ಹಿಡಿಯುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಭದ್ರಾವತಿ ತಾಲೂಕಿನ ಕಂಬದಾಳು-ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತಿದ್ದಾರೆಂದು ಪತ್ರಿಕೆಗಳು ಬರೆದವು. ಪೊಲೀಸರು ಪ್ರಕರಣ ದಾಖಲಿಸಿದರು, ಹೂತ ಜಾಗವನ್ನು ಅಗೆಸಿದರು, ಬಂಧನಗಳೂ ಆದವು. ನಾಯಿಕಾಟ ನಿಜವೇ ಇದ್ದಿರಬಹುದು. ಆದರೆ ಕಾಟವನ್ನು ಮಣ್ಣಿನಲ್ಲಿ ಹೂತು ಮುಗಿಸುತ್ತೇವೆಂದು ಹೊರಟವರು ಕೊನೆಗೆ ಠಾಣೆಯ ಮೆಟ್ಟಿಲು ಹತ್ತಬೇಕಾಯಿತು. ಅದು ನಾಯಿಯ ಮಾತು, ಇದು ಬೆಕ್ಕು ಎಂದು ಸಮಾಧಾನಪಟ್ಟುಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷವಿಕ್ಕಿದರೆ, ಕೊಂದರೆ, ಅಂಗಹೀನ ಮಾಡಿದರೆ 5 ವರ್ಷಗಳವರೆಗೆ ಸೆರೆವಾಸವಾಗಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟು ಹೋಗುವುದೂ ಅಪರಾಧವೇ.

ಹಾಗಾದರೆ ಗೋಣಿಚೀಲದಲ್ಲಿ ಕಟ್ಟಿ ತುಂಗೆಯ ಆಚೆಗೋ, ಭದ್ರಾವತಿಯ ಮೀನು ಮಾರುಕಟ್ಟೆಗೋ ಬಿಟ್ಟು ಬರುವ ಹಳೆಯ ಪದ್ಧತಿ? ಕೆಲವು ಬೆಕ್ಕುಗಳು ವಾರ ಕಳೆದು ಮೈಯೆಲ್ಲ ಗಾಯ ಮಾಡಿಕೊಂಡು ಹಿಂದಿರುಗುತ್ತವೆ. ಹಿಂದಿರುಗದಿದ್ದರೂ ಖಾಲಿಯಾದ ಆ ಎಲ್ಲೆಗೆ ಇನ್ನೊಂದು ಬೆಕ್ಕು ಬಂದು ಸೇರಿಕೊಳ್ಳುತ್ತದೆ, ಅಲ್ಲಿ ಅನ್ನ ಇರುವವರೆಗೂ. ಈ ಕೆಲಸದಲ್ಲಿ ಗೆದ್ದವರು ಯಾರೂ ಇಲ್ಲ.

ಸಂತಾನ ಕಡಿಮೆ ಮಾಡುವುದೇ ಉಳಿದ ದಾರಿ. ಹೆಣ್ಣುಬೆಕ್ಕು ಹುಟ್ಟಿದ ಐದಾರು ತಿಂಗಳಲ್ಲೇ ಗರ್ಭ ಧರಿಸಬಲ್ಲದು. ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು, ಸುಮಾರು 63-65 ದಿನಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ನಾಲ್ಕು ಮರಿ ಎಂದಿಟ್ಟುಕೊಂಡು ನೀವೇ ಲೆಕ್ಕ ಹಾಕಿ. ಭದ್ರಾವತಿಯ ಕಾಗದನಗರದಲ್ಲಿ ಎಂಪಿಎಂ ಉತ್ಪಾದನೆ ನಿಂತ ಮೇಲೆ ಖಾಲಿಯಾದ ಮನೆಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಖಾಲಿ ಮನೆ ಬೆಕ್ಕಿಗೆ ಬಾಣಂತಿ ಕೋಣೆ. ಶಸ್ತ್ರಚಿಕಿತ್ಸೆ ಮಾಡಿಸಿದ ಗಂಡುಬೆಕ್ಕು ಅಲೆಯುವುದು, ಕಾದಾಡುವುದು, ಮೂತ್ರ ಸಿಂಪಡಿಸುವುದು ಬಹುಮಟ್ಟಿಗೆ ನಿಲ್ಲುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ವೈದ್ಯರನ್ನು ಕೇಳಿ ತಿಳಿಯಬಹುದು. ಇದು ಧರ್ಮಸಮ್ಮತವೇ ಎಂಬ ಸಂಕೋಚ ನಮ್ಮ ಸಹೋದರಿಯರಲ್ಲಿ ಅನೇಕರಿಗಿದೆ. ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಹನಫಿ ಫಿಕ್ಹಿನಲ್ಲಿ ಪ್ರಯೋಜನಕ್ಕಾಗಿ ಪ್ರಾಣಿಗಳಿಗೆ ಇದನ್ನು ಮಾಡಿಸಲು ಅನುಮತಿ ಇದೆ. ನಿಮ್ಮ ಮೊಹಲ್ಲಾದ ಆಲಿಮರನ್ನು ಕೇಳಿ ನಿರ್ಧರಿಸಿ.

ಬೆಕ್ಕನ್ನು ಪ್ರೀತಿಸುವವರು ಹಝ್ರತ್ ಅಬೂ ಹುರೈರಾ(ರ)ರ ಹೆಸರು ಹೇಳುತ್ತಾರೆ, ಬೆಕ್ಕು ಬಾಯಿ ಹಾಕಿದ ವುಝೂ ನೀರಿನ ಕುರಿತ ಅಬೂ ಕತಾದಾ(ರ)ರ ವರದಿಯನ್ನು ನೆನಪಿಸುತ್ತಾರೆ. ಸರಿಯೇ. ಆದರೆ ಅದು ನೀರಿಗೆ ಬಾಯಿ ಹಾಕಿದ ಮಾತು, ಹೊಲಸಿನ ಮಾತಲ್ಲ. ಬೆಕ್ಕಿನ ಹಕ್ಕನ್ನು ಹೇಳುವ ನಾಲಿಗೆ ನೆರೆಯವರ ಹಕ್ಕನ್ನೂ ಹೇಳಬೇಕಲ್ಲವೇ? ನಮ್ಮದು ಪ್ರೀತಿ, ಅವರದು ಕಿರಿಕಿರಿ ಎಂದು ಸಾಕುವವರು ಕೈತೊಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಸಂಜೆ ಒಂದೇ ಹೊತ್ತಿಗೆ ಮನೆಯೊಳಗೆ ಊಟ ಹಾಕಿ ರಾತ್ರಿ ಬಾಗಿಲು ಹಾಕಿಕೊಂಡರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಮಾತ್ರ ಎಚ್ಚರ ಬೇಕು. ಬೆಕ್ಕಿನ ಹೊಲಸಿನಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು. ಮೊದಲ ಬಾರಿ ಸೋಂಕು ತಗುಲಿದ ಬೆಕ್ಕು ಒಂದೆರಡು ವಾರಗಳ ಕಾಲ ಅದರ ಅಂಡಗಳನ್ನು ಹೊರಹಾಕುತ್ತದೆ. ಬಸುರಿನಲ್ಲಿ ಹೊಸದಾಗಿ ತಗುಲಿದರೆ ಮಗುವಿನ ಕಣ್ಣು, ಮಿದುಳಿಗೆ ಹಾನಿಯಾಗಬಹುದು. ಹಾಗೆಂದು ಬೆಕ್ಕನ್ನು ಕಂಡರೆ ಹೆದರಬೇಕಿಲ್ಲ, ಮುಟ್ಟಿದ ಮಾತ್ರಕ್ಕೆ ಬರುವ ಕಾಯಿಲೆ ಇದಲ್ಲ. ಪಾತಿಯ ಕೆಲಸ ಬೇರೆಯವರು ಮಾಡಲಿ, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಿರಿ, ಮಾಂಸ ಪೂರ್ತಿ ಬೇಯಲಿ.

ಕಚ್ಚುವುದು, ಪರಚುವುದು ಬೇರೆ ವಿಷಯ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂಬ ನಂಬಿಕೆ ತಪ್ಪು, ಬೆಕ್ಕಿನಿಂದಲೂ ಬರಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ ಏನನ್ನೂ ಹಚ್ಚದೆ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ. ಚುಚ್ಚುಮದ್ದಿಗೆ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿಯ ಕಾಲ ಎಂದೋ ಹೋಯಿತು. ಚರ್ಮಕ್ಕೆ ಕೊಡುವ ಈಗಿನ ಪದ್ಧತಿಯಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಅಷ್ಟೇ. ರಕ್ತ ಬಂದಿದ್ದರೆ ಗಾಯಕ್ಕೆ ಬೇರೆ ಔಷಧಿಯೂ ಬೇಕಾಗುತ್ತದೆ, ವೈದ್ಯರಿಗೆ ಬಿಡಿ. ಪಕ್ಕದ ಮನೆಯವರ ಮನಸ್ಸು ನೋಯುತ್ತದೆಂದು ಕಚ್ಚಿದ್ದನ್ನು ಮುಚ್ಚಿಡುವುದು ದೊಡ್ಡ ತಪ್ಪು. ಬೆಕ್ಕಿಗೆ ಲಸಿಕೆ ಆಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮಳೆಗಾಲದಲ್ಲಿ ಹೆಂಚಿನ ಮನೆಯ ಅಟ್ಟದಲ್ಲಿ ಮರಿಗಳ ದನಿ ಕೇಳಿದರೆ ಕೂಡಲೇ ಎತ್ತಿ ಹೊರಗಿಡಬೇಡಿ. ತಾಯಿ ಆಹಾರಕ್ಕೆ ಹೋಗಿರುತ್ತದೆ. ಆರರಿಂದ ಎಂಟು ವಾರಕ್ಕೆ ಮರಿಗಳು ಹಾಲು ಬಿಡುತ್ತವೆ, ಸಾಕುವವರಿಗೆ ಕೊಡಲು ಆಗ ಸಮಯ. ಖಾಲಿಯಾದ ಮೇಲೆ ಹೆಂಚಿನ ಸಂದು ಮುಚ್ಚಿಸಿ, ಒಳಗೆ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡೇ.

ಮಾತಾಡುವುದು ಹೇಗೆಂದು ಕೇಳುತ್ತೀರಾ? ಸಸಿ ಕಿತ್ತು ಬಿದ್ದ ದಿನ ಬೇಡ, ಎರಡು ದಿನ ಬಿಡಿ. ಬಾಗಿಲಲ್ಲಿ ನಿಂತು ಕೂಗಬೇಡಿ, ಒಳಗೆ ಹೋಗಿ ಕುಳಿತುಕೊಳ್ಳಿ. ರಮಝಾನಿನಲ್ಲಿ ಗೋಡೆಯ ಮೇಲಿಂದ ತಟ್ಟೆ ದಾಟಿಸಿದ ಮನೆಯಲ್ಲವೇ ಅದು? ಗಂಡಸರನ್ನು ಮುಂದೆ ಮಾಡಬೇಡಿ, ಅವರ ದನಿ ಬೇಗ ಏರುತ್ತದೆ. “ನಿಮ್ಮ ಬೆಕ್ಕು ಕೆಟ್ಟದ್ದು” ಎನ್ನುವ ಬದಲು “ಪುದೀನ ಬದುಕುತ್ತಿಲ್ಲ, ಏನು ಮಾಡೋಣ?” ಎಂದು ಕೇಳಿ. ಕೇಳುವುದು ಒಂದೇ ವಿಷಯವಿರಲಿ. ಒಂದು ಉಪಾಯವನ್ನು ನೀವೇ ಮುಂದಿಡಬಹುದು: ಗೋಡೆಯ ಆ ಬದಿಯ ಮೂಲೆಯಲ್ಲಿ, ಮಳೆ ಬೀಳದ ಕಡೆ, ಅಗಲವಾದ ಹಳೆಯ ಬೋಗುಣಿಯಲ್ಲಿ ನಾಲ್ಕು ಬೆರಳು ಆಳ ಮರಳು. ಬೆಕ್ಕು ಬಲೆ ಹಾಸಿದ ಪಾತಿಯನ್ನು ಬಿಟ್ಟು ಅಲ್ಲಿಗೆ ಹೊರಳುವ ಸಾಧ್ಯತೆ ಹೆಚ್ಚು. ಮರಳನ್ನು ಮಾತ್ರ ದಿನವೂ ಸೋಸಿ ತೆಗೆಯಬೇಕು. ಆ ಅಂಡಗಳು ಸೋಂಕು ತಗುಲಿಸುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಚಿಂತೆಯಿಲ್ಲ. ಸರದಿ ಯಾರದು ಎಂಬುದನ್ನು ಚಹಾ ಕುಡಿಯುತ್ತಾ ಅಲ್ಲೇ ಗೊತ್ತುಮಾಡಿಕೊಳ್ಳಿ.